ರಬ್ಬರ್ ಗಿಡದ ಮುಡಿಪು

ಮನೆಯ ಯಜಮಾನನಿಗಿಂತ ಮನೆಯ ಗಿಡಕ್ಕೇ ಹೆಚ್ಚು ಮರ್ಯಾದೆ ನಡೆಯುವ ಮನೆಗೆ ಬೇರೆ ಊರುಗಳಲ್ಲಿ ಏನೆನ್ನುತ್ತಾರೋ ನನಗೆ ಗೊತ್ತಿಲ್ಲ. ಹೊಳೆನರಸೀಪುರದಲ್ಲಿ ಅದಕ್ಕೆ ದೇವರಾಜುವಿನ ಮನೆ ಎನ್ನುತ್ತಾರೆ. ಆ ದೇವರಾಜು ನಾನೇ. ಸೊಸೈಟಿಯಲ್ಲಿ ಗುಮಾಸ್ತ. ಮನೆಯಲ್ಲಿ ಅದಕ್ಕಿಂತ ಒಂದು ಮೆಟ್ಟಿಲು ಕೆಳಗೆ.

ಗಿಡ ಎಂದರೆ ರಬ್ಬರ್ ಗಿಡ. ಟೈರು ಮಾಡುವ ರಬ್ಬರ್ ಅಲ್ಲ; ಅಂಗೈಗಿಂತ ಅಗಲವಾದ, ಎಣ್ಣೆ ಸವರಿದಂತೆ ಹೊಳೆಯುವ ಎಲೆಗಳ, ಕುಂಡದಲ್ಲಿ ನಿಂತು ಹಾಲ್‌ಗೆ ಶೋಭೆ ಕೊಡುವ ಶೋಕಿ ಗಿಡ. ನಮ್ಮ ಮದುವೆಯಲ್ಲಿ ಮಾವನವರು ಮಗಳಿಗೆ ಕೊಟ್ಟದ್ದು. ಅವರು ತೀರಿಕೊಂಡ ಮೇಲೆ ನನ್ನ ಹೆಂಡತಿ ಆಶಾರಾಣಿ ಅದನ್ನು ಬರೀ ಗಿಡ ಎಂದು ಕರೆಯುವುದನ್ನೇ ಬಿಟ್ಟಳು. ಅದು ‘ಅಪ್ಪನ ಗಿಡ’ ಆಯಿತು. ವಾರಕ್ಕೊಮ್ಮೆ ಒದ್ದೆ ಬಟ್ಟೆ ಹಿಡಿದು ಒಂದೊಂದೇ ಎಲೆ ಒರೆಸುತ್ತಾಳೆ. ನನ್ನ ಕನ್ನಡಕ ಒರೆಸಿಕೊಡು ಎಂದರೆ ಕೈ ಬಿಡುವಿಲ್ಲ ಎನ್ನುತ್ತಾಳೆ.

ಇಷ್ಟು ಉಪಚಾರ ಸಿಕ್ಕಿದರೆ ಯಾರು ತಾನೇ ಬೆಳೆಯುವುದಿಲ್ಲ? ಗಿಡ ಸೂರಿಗೆ ಮುಟ್ಟಿತು. ಮುಟ್ಟಿದ ಮೇಲೂ ನಿಲ್ಲದೆ, ತಲೆ ಬಗ್ಗಿಸಿಕೊಂಡು ಸೂರಿನಡಿಯೇ ಹಾಲ್‌ನ ನಡುವಿಗೆ ತೆವಳಿತು. ಎರಡು ಬೇಸಿಗೆಯಿಂದ ನಾವು ಫ್ಯಾನ್ ಹಾಕಿಲ್ಲ. ಒಮ್ಮೆ ಧೈರ್ಯ ಮಾಡಿ, “ತುದಿ ಒಂಚೂರು ಕತ್ತರಿಸೋಣ್ವಾ?” ಎಂದೆ.

“ನಿಮ್ ತಲೆ ಸೂರಿಗೆ ತಾಕಿದ್ರೆ ಕತ್ತರಿಸ್ಕತೀರಾ?” ಎಂದಳು.

ನನ್ನ ಎತ್ತರಕ್ಕೆ ಆ ಭಯ ಇರಲಿಲ್ಲ. ಆದರೂ ಎದ್ದು ಬೀಸಣಿಗೆ ಹುಡುಕಿಕೊಂಡೆ. ಮಾತಿಗೆ ಮಾತು ಬೆಳೆಸುವ ವಯಸ್ಸು ದಾಟಿದೆ.

ಹೀಗೇ ನಡೆದುಹೋಗುತ್ತಿತ್ತು. ಆದರೆ ಬೇಸಿಗೆಯ ಕೊನೆಗೆ ನನ್ನ ಭಾವಮೈದುನ ಮೋಹನ್‌ಕುಮಾರ್ ಹಾಸನದಿಂದ ಟೇಪು ಹಿಡಿದುಕೊಂಡು ಬಂದ. ಅವನು ಹಾಸನದಲ್ಲಿ ಹೊಸ ಮನೆ ಕಟ್ಟಿಸುತ್ತಿದ್ದ. ಶ್ರಾವಣದಲ್ಲಿ ಗೃಹಪ್ರವೇಶ. ಕಾಫಿ ಕುಡಿಯುವ ಮೊದಲೇ ಗಿಡದ ಬುಡದಿಂದ ಸೂರಿನವರೆಗೆ ಅಳತೆ ಹಿಡಿದ.

“ಅಕ್ಕಾ, ನಮ್ಮನೆ ಹಾಲು ಡಬಲ್ ಹೈಟು. ಎಲ್ಡು ಮಹಡಿ ಎತ್ತರ ಖಾಲಿ ನಿಂತೈತೆ. ಅಪ್ಪನ ಗಿಡ ಇಲ್ಲಿ ಗೂನು ಬಿದ್ದೋಗೈತೆ ಪಾಪ. ನಮ್ಮನೇಲಿ ನೆಟ್ಟಗೆ ನಿಂತ್ಕತದೆ. ಗೃಹಪ್ರವೇಶಕ್ಕೆ ಟೆಂಪೋ ತಂದು ತಗಂಡೋಗ್ತೀನಿ. ನಂಗೂ ಅಪ್ಪ ಅಲ್ವಾ?”

ಅವನು ಹೋದ ಮೇಲೆ ಆಶಾರಾಣಿ ಕುಂಡದ ಪಕ್ಕ ನೆಲಕ್ಕೆ ಕುಳಿತುಬಿಟ್ಟಳು. ಊಟಕ್ಕೆ ಏಳಲಿಲ್ಲ.

“ಒಬ್ನೇ ತಮ್ಮ, ಹೊಸ ಮನೆ, ಬಾಯಿ ಬಿಟ್ಟು ಕೇಳವ್ನೆ. ಇಲ್ಲ ಅನ್ನಾಕಾಗಲ್ಲ. ಕೊಟ್ಬುಟ್ರೆ ನಂಗೆ ಅಪ್ಪಂದು ಅಂತ ಏನ್ ಉಳೀತದೆ ಹೇಳಿ?” ಎಂದು ಅತ್ತಳು. ಅವಳು ಮಾವನವರು ಹೋದಾಗ ಬಿಟ್ಟರೆ ಹಾಗೆ ಅತ್ತದ್ದನ್ನು ನಾನು ನೋಡಿರಲಿಲ್ಲ.

ಇಲ್ಲಿ ನನ್ನ ವಿದ್ಯೆಯ ವಿಚಾರ ಹೇಳಬೇಕು. ಸೊಸೈಟಿಯವರು ಒಮ್ಮೆ ನನ್ನನ್ನು ತೋಟಗಾರಿಕೆಯ ಅರ್ಧ ದಿನದ ತರಬೇತಿಗೆ ಕಳಿಸಿದ್ದರು. ಅರ್ಧ ದಿನದಲ್ಲಿ ಅರ್ಧ ಊಟಕ್ಕೆ ಹೋಯಿತು. ಉಳಿದದ್ದರಲ್ಲಿ ಗೂಟಿ ಕಟ್ಟುವುದನ್ನು ತೋರಿಸಿದರು. ಗಿಡದ ರೆಂಬೆಯ ಸುತ್ತ ಬಳೆಯಷ್ಟು ಅಗಲ ತೊಗಟೆ ಸುಲಿದು, ಆ ಜಾಗಕ್ಕೆ ಒದ್ದೆ ತೆಂಗಿನ ನಾರಿನ ಪುಡಿ ಮೆತ್ತಿ, ಪ್ಲಾಸ್ಟಿಕ್ ಸುತ್ತಿ ಬಿಗಿದರೆ ಎರಡು ತಿಂಗಳಲ್ಲಿ ಅಲ್ಲೇ ಬೇರು ಬರುತ್ತದೆ. ಆಮೇಲೆ ಕೆಳಗೆ ಕತ್ತರಿಸಿ ನೆಟ್ಟರೆ ಒಂದು ಗಿಡ ಎರಡಾಗುತ್ತದೆ. ಅಂದಿನಿಂದ ನಾನು ಆಫೀಸಿನಲ್ಲಿ ಯಾರಾದರೂ ಕರಿಬೇವಿನ ಮಾತೆತ್ತಿದರೂ ನಡುವೆ ಬಾಯಿ ಹಾಕಿ ಸಲಹೆ ಕೊಡುತ್ತಿದ್ದೆ. ವಿದ್ಯೆಯನ್ನು ಪರೀಕ್ಷೆ ಮಾಡುವ ಸಂದರ್ಭ ಮಾತ್ರ ಬಂದಿರಲಿಲ್ಲ.

ಗಿಡ ಎರಡಾದರೆ ಅಕ್ಕನಿಗೊಂದು, ತಮ್ಮನಿಗೊಂದು. ನನಗೆ ಫ್ಯಾನು. ಲೆಕ್ಕ ಸರಿಯಾಗಿತ್ತು. ಆದರೆ ಅಪ್ಪನ ಗಿಡಕ್ಕೆ ಚಾಕು ಹಾಕುತ್ತೇನೆ ಎಂದು ಆಶಾರಾಣಿಗೆ ಹೇಳುವ ಧೈರ್ಯ ಆ ಅರ್ಧ ದಿನದಲ್ಲಿ ಕಲಿಸಿರಲಿಲ್ಲ.

ಅವಳು ಶಾಂತಿಗ್ರಾಮಕ್ಕೆ ನೆಂಟರ ಮನೆಯ ನಾಮಕರಣಕ್ಕೆ ಹೋದ ಭಾನುವಾರ ಸ್ಟೂಲು ಹತ್ತಿದೆ. ತೊಗಟೆ ಸುಲಿದದ್ದೇ ತಡ, ಬೆಳ್ಳಗೆ ಹಾಲು ಧಾರಾಕಾರವಾಗಿ ಇಳಿಯಿತು. ಅಂಗಿಗೆ, ಸ್ಟೂಲಿಗೆ, ಮೂಗಿಗೆ. ಒರೆಸಿದಷ್ಟೂ ಅಂಟು. ಹೇಗೋ ನಾರಿನ ಪುಡಿ ಮೆತ್ತಿ ಪ್ಲಾಸ್ಟಿಕ್ ಬಿಗಿದೆ. ಬೇರಿಗೆ ಬೆಳಕು ಬೀಳಬಾರದು ಎಂದು ಹೇಳಿಕೊಟ್ಟದ್ದು ನೆನಪಾಯಿತು. ಮೇಲೆ ಬಟ್ಟೆ ಸುತ್ತಬೇಕು. ಕಪ್ಪು ಬಟ್ಟೆ ಸಿಕ್ಕಿತು. ಕಪ್ಪು ಬಟ್ಟೆ ಕಟ್ಟಿದರೆ ನೋಡಿದವರು ಮಾಟ ಮಾಡಿಸಿದ್ದಾರೆ ಎನ್ನುತ್ತಾರೆ ಎಂದು ನಾನು ಬುದ್ಧಿವಂತಿಕೆಯಿಂದ ಯೋಚಿಸಿದೆ. ದೇವರ ಗೂಡಿನ ಪಕ್ಕ ಒಂದು ಹಳದಿ ಬಟ್ಟೆ ಇತ್ತು. ಅದನ್ನು ಸುತ್ತಿ, ದಾರದಲ್ಲಿ ಗಂಟು ಹಾಕಿದೆ. ಜೀವನದಲ್ಲಿ ನಾನು ಬುದ್ಧಿವಂತಿಕೆಯಿಂದ ಯೋಚಿಸಿದಾಗಲೆಲ್ಲ ಹೀಗೇ ಆಗಿದೆ.

ಸಂಜೆ ಆಶಾರಾಣಿ ಒಬ್ಬಳೇ ಬರಲಿಲ್ಲ. ನಾಮಕರಣಕ್ಕೆ ಬಂದಿದ್ದ ಅವಳ ತಾಯಿ ಅನಸೂಯಮ್ಮನವರೂ ಜೊತೆಗೆ ಬಂದರು. ನಮ್ಮ ಅತ್ತೆ ಚನ್ನರಾಯಪಟ್ಟಣದಲ್ಲಿ ಎರಡು ಹಸು ಕಟ್ಟಿಕೊಂಡು, ಡೇರಿಗೆ ಹಾಲು ಹಾಕಿಕೊಂಡು, ಬಿಡುವಿನಲ್ಲಿ ಬೀದಿಯವರ ನ್ಯಾಯ ತೀರಿಸಿಕೊಂಡು ಇರುವ ಹೆಂಗಸು. ಅವರ ತೀರ್ಪಿನ ಮೇಲೆ ಅಪೀಲು ಇಲ್ಲ.

ಬಾಗಿಲಲ್ಲೇ ಆಶಾರಾಣಿಯ ಕಣ್ಣು ಮೇಲಕ್ಕೆ ಹೋಯಿತು. “ಏನ್ರೀ ಅದು? ಅಪ್ಪನ ಗಿಡಕ್ಕೆ ಏನ್ ಮಾಡಿದ್ರಿ?” ಅವಳ ದನಿ ಏರುತ್ತಿತ್ತು. ಇನ್ನೊಂದು ಕ್ಷಣದಲ್ಲಿ ನನ್ನ ಕಥೆ ಮುಗಿಯುತ್ತಿತ್ತು.

ಅಷ್ಟರಲ್ಲಿ ಅತ್ತೆ ಚೀಲ ಕೆಳಗಿಟ್ಟು ಎರಡೂ ಕೈ ಮುಗಿದರು. “ಸುಮ್ಕಿರವ್ವಾ! ಕಣ್ ಕಾಣಕಿಲ್ವಾ? ಅಳಿಯಂದ್ರು ಮುಡಿಪು ಕಟ್ಟವ್ರೆ!”

ಮುಡಿಪು ಎಂದರೆ ಗೊತ್ತಲ್ಲ. ಕಷ್ಟ ಬಂದಾಗ ದೇವರಿಗೆ ಹರಕೆ ಹೊತ್ತು, ಹಳದಿ ಬಟ್ಟೆಯಲ್ಲಿ ಕಾಸು ಗಂಟು ಕಟ್ಟಿ ಎತ್ತರದಲ್ಲಿ ಇಡುವುದು. ಹರಕೆ ತೀರಿ ದೇವರ ಮುಂದೆ ಒಪ್ಪಿಸುವ ತನಕ ಯಾರೂ ಬಿಚ್ಚುವಂತಿಲ್ಲ, ಜಾಗ ಕದಲಿಸುವಂತಿಲ್ಲ.

“ಹೌದೇನ್ರೀ?” ಎಂದಳು ಆಶಾರಾಣಿ.

ಮುಳುಗುವವನಿಗೆ ಹುಲ್ಲುಕಡ್ಡಿ ಸಿಕ್ಕರೂ ಸಾಕು. ನನಗೆ ಅತ್ತೆಯೇ ಸಿಕ್ಕಿದ್ದರು. “ಹೂಂ,” ಎಂದೆ.

“ಯಾವ ದೇವ್ರಿಗೆ?” ಅತ್ತೆ ಕೇಳಿದರು.

ಬಾಯಿಗೆ ಬಂದದ್ದನ್ನು ಹೇಳಿದೆ. “ಹಾಸನಾಂಬೆಗೆ.”

“ಯಾತುಕ್ಕೆ?”

“ಹರಕೆ ಬಾಯಿ ಬಿಟ್ಟು ಹೇಳಬಾರದಲ್ವಾ ಅತ್ತೆ.”

“ಅದೂ ಸರಿ ಕಣಪ್ಪಾ,” ಎಂದು ತಲೆದೂಗಿದರು. “ಆದ್ರೆ ಆಸ್ನಾಂಬೆ ತಾಯಿ ಬಾಗ್ಲು ತೆಗೆಯೋದು ಆಶ್ವೀಜದಲ್ಲಿ. ಅಲ್ಲೀಗಂಟ ಇದ್ನ ಯಾರೂ ಮುಟ್ಟಂಗಿಲ್ಲ.”

ಆಗ ಜ್ಯೇಷ್ಠ ಮಾಸ. ಆ ತಾಯಿಯ ಬಾಗಿಲು ವರ್ಷಕ್ಕೊಂದು ಸಲ, ಅದೂ ಕೆಲವೇ ದಿನ ತೆರೆಯುವುದು ಎಂಬುದು ಜಿಲ್ಲೆಗೆಲ್ಲ ಗೊತ್ತು. ಯಾವಾಗಲೂ ಬಾಗಿಲು ತೆಗೆದಿರುವ ಎಷ್ಟೋ ದೇವರಿದ್ದರು. ಯಾರ ಹೆಸರೂ ನನ್ನ ಬಾಯಿಗೆ ಬರಲಿಲ್ಲ. ಶ್ರಾವಣದಲ್ಲಿ ಬಿಚ್ಚಬೇಕಾದ ಗಂಟಿಗೆ ನಾನೇ ಆಶ್ವಯುಜದ ಬೀಗ ಹಾಕಿಕೊಂಡೆ.

ಹರಕೆ ಯಾತಕ್ಕೆ ಎಂದು ನಾನು ಹೇಳದಿದ್ದ ಮೇಲೆ ಅದನ್ನು ಕಂಡುಹಿಡಿಯುವುದು ಬೀದಿಯವರ ಕರ್ತವ್ಯವಾಯಿತು. ಪಕ್ಕದ ಮನೆಯ ನೀಲಾಂಬಿಕೆ ಮಾರನೆಯ ಬೆಳಿಗ್ಗೆಯೇ ಮೊಸರಿಗೆ ಹೆಪ್ಪು ಕೇಳುವ ನೆಪದಲ್ಲಿ ಬಂದು, ಗಂಟನ್ನು ನೋಡಿ, ನನ್ನನ್ನು ನೋಡಿ, ಹೆಪ್ಪು ಮರೆತು ಹೋದಳು. ಅವಳ ಗಂಡ ಚಂದ್ರಯ್ಯನದು ದಿನಸಿ ಅಂಗಡಿ. ಅಲ್ಲಿಗೆ ತಲುಪಿದ ಸುದ್ದಿ ಬೇಳೆಯ ಪೊಟ್ಟಣದ ಜೊತೆ ಎಲ್ಲರ ಮನೆಗೂ ಹೋಗುತ್ತದೆ.

ಕಾರಣವನ್ನು ಹುಡುಕಿಕೊಟ್ಟವನೂ ನಾನೇ. ಗೂಟಿಯ ಒಳಗೆ ತೇವ ಆರಬಾರದು. ಗಂಟು ಬಿಚ್ಚದೆ ನೀರು ಹಾಕುವುದು ಹೇಗೆ? ಸೂಜಿಯಿಂದ. ಮೆಡಿಕಲ್ ಸ್ಟೋರಿಗೆ ಹೋಗಿ ದೊಡ್ಡದೊಂದು ಸಿರಿಂಜು ಕೇಳಿದೆ. ಅಮೃತಾಂಜನಕ್ಕೆ ಬಂದಿದ್ದ ಚಂದ್ರಯ್ಯ ಪಕ್ಕದಲ್ಲೇ ನಿಂತಿದ್ದ.

“ಯಾರಿಗೆ ದೇವ್ರಾಜಣ್ಣ ಸೂಜಿ?”

“ಹಿಂಗೇ... ಮನೇಲಿ... ಬೆಳಿಗ್ಗೆ ಒಂದ್ಸಲ ಸಂಜೆ ಒಂದ್ಸಲ ಕೊಡಬೇಕು.”

ಚಂದ್ರಯ್ಯ ನನ್ನ ಹೆಗಲ ಮೇಲೆ ಕೈಯಿಟ್ಟ. “ಎಷ್ಟು ದಿನದಿಂದ?” ಎಂದು ಮೆತ್ತಗೆ ಕೇಳಿದ. ಅವನ ಕಣ್ಣಲ್ಲಿ ನೀರಿತ್ತು. ಅದು ಅಮೃತಾಂಜನದ್ದೋ ನನ್ನ ಮೇಲಿನ ಮರುಕದ್ದೋ ಇವತ್ತಿಗೂ ತಿಳಿಯದು.

ವಾರ ಕಳೆಯುವುದರೊಳಗೆ ನನಗೆ ಸಕ್ಕರೆ ಕಾಯಿಲೆ ಎಂದು ತೀರ್ಮಾನವಾಯಿತು. ಅದೂ ಸಾಮಾನ್ಯದ್ದಲ್ಲ, ಹಾಸನಾಂಬೆಗೆ ಹರಕೆ ಹೊರುವ ಮಟ್ಟದ್ದು. ಸೊಸೈಟಿಯಲ್ಲಿ ನಮ್ಮ ಕಾರ್ಯದರ್ಶಿ ಕೀರ್ತಿರಾಜ್ ನನ್ನ ಟೀ ಲೋಟವನ್ನು ಕೈಯಿಂದ ಕಿತ್ತುಕೊಂಡು, “ಸಾರ್, ನಿಮ್ಮಂಥ ಸೀನಿಯರ್ ನಮಗೆ ಬೇಕು,” ಎಂದು ಸಕ್ಕರೆಯಿಲ್ಲದ್ದನ್ನು ತರಿಸಿದರು. ಅರಕಲಗೂಡಿನಿಂದ ನನ್ನ ಚಿಕ್ಕಮ್ಮ ಕಮಲಾಕ್ಷಮ್ಮ ಬಸ್ಸಿನ ಕಂಡಕ್ಟರ್ ಕೈಯಲ್ಲಿ ನೇರಳೆ ಬೀಜದ ಪುಡಿ ಕಳಿಸಿ, ಫೋನು ಮಾಡಿ, “ಪಾದ ನೋಡ್ಕೊಳ್ಳಲಾ ಮಗಾ, ಗಾಯ ಮಾಡ್ಕಬ್ಯಾಡ, ನಿಮ್ ದೊಡ್ಡಪ್ಪಂಗೆ ಕಾಲ್ ಬೆರ್ಳೇ ತಗುದ್ಬುಟ್ರು,” ಎಂದು ಧೈರ್ಯ ಹೇಳಿದರು.

ಹರಕೆಯ ಗುಟ್ಟು ಕೆದಕಬಾರದೆಂದು ಆಶಾರಾಣಿ ಏನೂ ಕೇಳಲಿಲ್ಲ. ದಿನಾ ಎರಡು ಹೊತ್ತು ಹಾಗಲಕಾಯಿ ಪಲ್ಯ ಬಡಿಸತೊಡಗಿದಳು. ಅನ್ನ ನಿಲ್ಲಿಸಿ ಮುದ್ದೆ ಮಾತ್ರ ಇಟ್ಟಳು. ನನ್ನ ಕನ್ನಡಕವನ್ನು ಒರೆಸಿ ಮೇಜಿನ ಮೇಲಿಟ್ಟಳು. ಮದುವೆಯಾದ ಇಷ್ಟು ವರ್ಷದಲ್ಲಿ ಮೊದಲ ಸಲ ನನ್ನನ್ನು ಗಿಡದ ಸಮಕ್ಕೆ ನೋಡಿಕೊಂಡಳು. ಆ ಉಪಚಾರ ನನ್ನ ಗಂಟಲಲ್ಲಿ ಇಳಿಯಲಿಲ್ಲ. ಹಾಗಲಕಾಯಿಯೂ ಇಳಿಯಲಿಲ್ಲ. ಎಷ್ಟೋ ಸಲ ನಿಜ ಹೇಳಿಬಿಡೋಣ ಎಂದು ಬಾಯಿ ತೆರೆದೆ. ಪ್ರತಿ ಸಲ ಅವಳು ಇನ್ನೊಂದು ಸೌಟು ಪಲ್ಯ ಹಾಕಿದಳು.

ಒಂದು ಬೆಳಿಗ್ಗೆ ಸ್ಟೂಲು ಹತ್ತಿ ಗೂಟಿಗೆ ಸೂಜಿ ಚುಚ್ಚುತ್ತಿದ್ದೆ. ಕಿಟಕಿಯ ಆಚೆ ನೀಲಾಂಬಿಕೆ ನಿಂತಿದ್ದಳು.

“ಶಿವನೇ! ಏನ್ರೀ, ಬನ್ನಿ ಇಲ್ಲಿ! ದೇವ್ರಾಜಣ್ಣ ಮುಡಿಪಿಗೆ ಇಂಜೆಕ್ಷನ್ ಕೊಡ್ತಾವ್ರೆ!”

ಚಂದ್ರಯ್ಯ ಬಾಯಲ್ಲಿ ಹಲ್ಲುಜ್ಜುವ ಬ್ರಷ್ಷು ಇಟ್ಟುಕೊಂಡೇ ಬಂದ. ನೋಡಿದ. ಬ್ರಷ್ಷು ತೆಗೆದು ಕೈ ಮುಗಿದ. “ತಾಯಿಗೆ ತೋರಿಸ್ದೆ ಔಷಧಿನೂ ತಗಳಲ್ಲ ಕಣೇ ಇವ್ರು. ಭಕ್ತಿ ಅಂದ್ರೆ ಇದು. ನೀನೂ ಇದೀಯ, ಮಾತ್ರೆ ನುಂಗು ಅಂದ್ರೆ ನೀರಿಲ್ಲ ಅಂತೀಯ.”

ನೀಲಾಂಬಿಕೆ ಒಳಗೆ ಬಂದು, ಸ್ಟೂಲು ಹತ್ತಿ, ಬೆರಳ ತುದಿಯಿಂದ ಗಂಟನ್ನು ಮುಟ್ಟಿದಳು. ನಾನು ಆಗಷ್ಟೇ ಹಾಕಿದ ನೀರು ಬಟ್ಟೆಯಿಂದ ಜಿನುಗುತ್ತಿತ್ತು.

“ಆಶಕ್ಕಾ! ಮುಡಿಪು ಬೆವರ್ತಾ ಐತೆ!”

ಅಲ್ಲಿಗೆ ನಮ್ಮ ಹಾಲ್ ನಮ್ಮದಾಗಿ ಉಳಿಯಲಿಲ್ಲ. ಬೆವರುವ ಮುಡಿಪಿನ ದರ್ಶನಕ್ಕೆ ಹೆಂಗಸರು ಬಂದರು. ಬಂದವರು ಕುಂಡಕ್ಕೆ ಅರಿಸಿನ ಕುಂಕುಮ ಹಚ್ಚಿದರು. ನೀಲಾಂಬಿಕೆ ಮಗನ ಮದುವೆಗೆಂದು ಕೆಳಗಿನ ಎಲೆಯ ತೊಟ್ಟಿಗೆ ತನ್ನದೊಂದು ಹಳದಿ ಗಂಟು ಕಟ್ಟಿದಳು. ಚಂದ್ರಯ್ಯ ಅಂಗಡಿಯ ಎದುರು ಹೊಸದಾಗಿ ಬಂದ ಸೂಪರ್‌ಮಾರ್ಕೆಟ್ಟು ಮುಚ್ಚಿಹೋಗಲಿ ಎಂದು ಇನ್ನೊಂದು ಕಟ್ಟಿದ. ಅವನ ಹರಕೆ ಗುಟ್ಟಾಗಿರಬೇಕಿತ್ತು. ಅವನೇ ಎಲ್ಲರಿಗೂ ಹೇಳಿದ. ನಾನು ಸಂಜೆ ಆಫೀಸಿನಿಂದ ಸುಸ್ತಾಗಿ ಬಂದರೆ ನನ್ನ ಕುರ್ಚಿಯಲ್ಲಿ ಯಾರೋ ಅಜ್ಜಿ ಕುಳಿತು ನನಗೇ ಪ್ರಸಾದ ಕೊಡುತ್ತಿದ್ದರು, ಸಕ್ಕರೆ ತೆಗೆದಿಟ್ಟು.

ಆಷಾಢ ಕಳೆದು ಶ್ರಾವಣ ಬಂತು. ಗೃಹಪ್ರವೇಶದ ಹಿಂದಿನ ದಿನ ಮೋಹನ್‌ಕುಮಾರ್ ಕಾರಿನಲ್ಲಿ ಬಂದ, ಹಿಂದೆ ಟೆಂಪೋ ಬಂತು. ಟೆಂಪೋ ಓಡಿಸುವ ಭೀಮ ಹೆಸರಿಗೆ ತಕ್ಕ ಮೀಸೆಯ ಆಸಾಮಿ. ಅತ್ತೆ ಗೃಹಪ್ರವೇಶಕ್ಕೆ ನಮ್ಮ ಜೊತೆ ಹೊರಡಲೆಂದು ಅದಕ್ಕೂ ಒಂದು ದಿನ ಮೊದಲೇ ಬಂದಿದ್ದರು. ಚಂದ್ರಯ್ಯ, ನೀಲಾಂಬಿಕೆ ತಮ್ಮ ಗಂಟುಗಳ ಯೋಗಕ್ಷೇಮ ನೋಡಲು ಹಾಜರಿದ್ದರು.

ಮೋಹನ್ ಗಿಡವನ್ನು ನೋಡಿ ಬಾಗಿಲಲ್ಲೇ ನಿಂತ. “ಇದೇನಕ್ಕಾ, ಅಪ್ಪನ ಗಿಡಾನ ಗುಡಿ ಮಾಡ್ಬುಟ್ಟಿದೀರ!”

“ಮುಡಿಪು ಕಟ್ಟಿರೋ ಗಿಡ ಕಣಪ್ಪಾ,” ಎಂದರು ಅತ್ತೆ. “ಆಶ್ವೀಜದ ಗಂಟ ಕದಲಿಸಂಗಿಲ್ಲ.”

“ನಾಳೆ ಗೃಹಪ್ರವೇಶ ಕಣವ್ವಾ! ಅಪ್ಪನ ಗಿಡ ಬತ್ತದೆ ಅಂತ ಎಲ್ರಿಗೂ ಹೇಳಿವ್ನಿ!” ಅವನು ನನ್ನತ್ತ ತಿರುಗಿದ. ಮುಖ ಕೆಂಪಾಗಿತ್ತು. “ಭಾವ, ನಾನು ಕೇಳ್ದೆ ಅಂತಲೇ ತಾನೇ ನೀವು ಇದನ್ನ ಕಟ್ಟಿದ್ದು? ಕೊಡಕ್ಕೆ ಇಷ್ಟ ಇಲ್ಲ ಅಂದ್ರೆ ಬಾಯಲ್ಲಿ ಹೇಳ್ಬೇಕಿತ್ತು. ದೇವ್ರನ್ನ ಯಾಕೆ ಅಡ್ಡ ತಂದ್ರಿ?”

“ನಮ್ಮೆಜಮಾನ್ರಿಗೆ ಮೈ ಹುಷಾರಿಲ್ಲ ಅಂತ ಕಟ್ಟವ್ರೆ ಕಣೋ!” ಎಂದು ಆಶಾರಾಣಿ ಕೂಗಿದಳು. “ನಿಂಗೆ ಗಿಡಾನೇ ಹೆಚ್ಚಾಯ್ತಾ?”

“ನಿಂಗೆ ಹೆಚ್ಚಲ್ವಾ ಅಕ್ಕಾ?”

ಅಕ್ಕ ತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಯಾವುದು ಆಗಬಾರದೆಂದು ನಾನು ಸ್ಟೂಲು ಹತ್ತಿದ್ದೆನೋ ಅದೇ ಆಗುತ್ತಿತ್ತು. ನನಗೆ ನಿಂತಲ್ಲೇ ಸಾಕಾಗಿಹೋಯಿತು. “ಅದು ಮುಡಿಪಲ್ಲ!” ಎಂದು ಕೂಗಿದೆ.

ಎಲ್ಲರೂ ನನ್ನತ್ತ ತಿರುಗಿದರು.

“ಅದು ಗೂಟಿ. ಬೇರು ಬರಿಸೋಕೆ ನಾನೇ ತೊಗಟೆ ಸುಲಿದು ಕಟ್ಟಿದ್ದು. ಒಳಗೆ ಕಾಸಿಲ್ಲ, ತೆಂಗಿನ ನಾರು ಐತೆ. ನಂಗೆ ಕಾಯಿಲೆನೂ ಇಲ್ಲ. ಸೂಜೀಲಿ ಹಾಕ್ತಿದ್ದುದು ನೀರು.”

ಯಾರೂ ನಂಬಲಿಲ್ಲ. ಚಂದ್ರಯ್ಯ ನೀಲಾಂಬಿಕೆಯ ಕಿವಿಯಲ್ಲಿ, “ಸಕ್ರೆ ಇಳ್ದಾಗ ಹಿಂಗೇ ಬಡಬಡಿಸ್ತಾರೆ, ಒಂದ್ ಚೂರು ಬೆಲ್ಲ ತಾ,” ಎಂದ. ಅವಳು ಓಡಿಹೋಗಿ ತಂದು ನನ್ನ ಬಾಯಿಗೆ ತುರುಕಿದಳು. ಎರಡು ತಿಂಗಳಲ್ಲಿ ನನ್ನ ನಾಲಿಗೆ ಕಂಡ ಮೊದಲ ಸಿಹಿ ಅದು. ಅದಕ್ಕೆ ನಾನು ಅಡ್ಡಿ ಮಾಡಲಿಲ್ಲ.

ಅತ್ತೆ ಮಾತ್ರ ಸ್ಟೂಲು ಎಳೆಸಿ, ಹತ್ತಿ, ಗಂಟನ್ನು ಹತ್ತಿರದಿಂದ ನೋಡಿದರು. ಬಟ್ಟೆಯ ಮಡಿಕೆಯಿಂದ ಬೆಳ್ಳಗಿನ ಎಳೆಯೊಂದು ಹೊರಗೆ ಇಣುಕುತ್ತಿತ್ತು. ದೇವರ ಪಟದ ಮುಂದೆ ದೀಪ ಹಚ್ಚಿಸಿ, ಹಾಸನಾಂಬೆಗೆ ತಪ್ಪಾಯಿತೆಂದು ಹೇಳಿ, ಅವರೇ ಗಂಟು ಬಿಚ್ಚಿದರು. ಹಳದಿ ಬಟ್ಟೆ ಬಿಚ್ಚಿಕೊಂಡಿತು. ಪ್ಲಾಸ್ಟಿಕ್ಕಿನ ಒಳಗೆ ತುಂಬಾ ಬೇರು, ಶಾವಿಗೆ ಉಂಡೆಯ ಹಾಗೆ.

ಮೊದಲು ಕದಲಿದವನು ಚಂದ್ರಯ್ಯ. ತಾನು ಕಟ್ಟಿದ್ದ ಗಂಟನ್ನು ಸರಸರ ಬಿಚ್ಚಿ ನೋಡಿ, ಪೆಚ್ಚಾಗಿ, “ನಂದು ಬೇರು ಬಿಟ್ಟಿಲ್ವಲ್ಲ ದೇವ್ರಾಜಣ್ಣ?” ಎಂದ.

“ಹಂಗಾದ್ರೆ ನಿಮ್ಗೆ ಸಕ್ಕರೆ ಕಾಯಿಲೆ ಇಲ್ವಾ?” ಎಂದಳು ಆಶಾರಾಣಿ.

“ಇಲ್ಲ.”

“ಎಲ್ಡು ತಿಂಗ್ಳು ಹಾಗಲಕಾಯಿ ಸುಮ್‌ಸುಮ್ನೆ ತಿಂದ್ರಾ?”

“ನೀನು ಬಡಿಸ್ತಿದ್ದೆ...”

ಅವಳು ಗೋಡೆಗೆ ಒರಗಿ ಕಣ್ಣೊರೆಸಿಕೊಂಡಳು. ಸಿಟ್ಟಿಗೋ ಸಮಾಧಾನಕ್ಕೋ ಕೇಳುವ ಧೈರ್ಯ ನನಗಾಗಲಿಲ್ಲ. ಅತ್ತೆ ಸ್ಟೂಲಿನ ಮೇಲಿಂದಲೇ ವಿಚಾರಣೆ ಶುರು ಮಾಡಿದರು.

“ಅಳಿಯಂದ್ರೇ, ಏನ್ ಅಂದ್ಕಂಡು ಕಟ್ಟಿದ್ರಿ ಇದ್ನ?”

“ಅಕ್ಕನಿಗೂ ಒಂದಾಗ್ಲಿ, ತಮ್ಮನಿಗೂ ಒಂದಾಗ್ಲಿ. ಇವಳು ಅಳದಂಗಿದ್ರೆ ಸಾಕು ಅಂತ.”

“ಯಾರ್ಗೂ ಏಳ್ದಂಗೆ?”

“ಹೂಂ.”

“ಅಳದಿ ಬಟ್ಟೇಲಿ?”

“ಹೂಂ ಅತ್ತೆ.”

“ಅದ್ಕೇ ಕಣಪ್ಪಾ ಮುಡಿಪು ಅನ್ನೋದು,” ಎಂದು ಅವರು ಕೆಳಗಿಳಿದರು. “ಮೋನಾ, ಭಾವನ್ ಮೇಲೆ ಕೂಗಾಡಿದ್ದು ಸಾಕು. ಚಾಕು ತಗಾ.”

ಚಾಕು ಮೋಹನನ ಕೈಯಿಂದ ನನ್ನ ಕೈಗೆ ಬಂತು. ನ್ಯಾಯವಾಗಿ ಅದು ನನ್ನ ವಿದ್ಯೆ. ಆದರೆ ನಾನು ಎಲ್ಲಿ ಕೊಯ್ಯುವುದೆಂದು ಲೆಕ್ಕ ಹಾಕುತ್ತ ನಿಂತೆ. ಆಶಾರಾಣಿ ಚಾಕು ಕಸಿದುಕೊಂಡು, ಸ್ಟೂಲು ಹತ್ತಿ, ಬೇರಿನ ಗಂಟಿನ ಕೆಳಗೆ ಒಂದೇ ಏಟಿಗೆ ಕೊಯ್ದಳು. ಹಾಲು ಸುರಿಯಿತು. ಅವಳು ಕೊಯ್ದ ಜಾಗಕ್ಕೆ ಸೆರಗು ಒತ್ತಿ, ಹಾಲು ನಿಲ್ಲುವ ತನಕ ಕೈ ತೆಗೆಯಲಿಲ್ಲ. ಅದನ್ನು ನೋಡಿ ನನಗೆ ಬೇಜಾರಾಯಿತು.

ಈಗ ಹಾಲ್‌ನಲ್ಲಿ ಎರಡು ಗಿಡ. ಕುಂಡದಲ್ಲಿ ಬುಡದ ಸುತ್ತ ನಾಲ್ಕು ಎಲೆಯಿದ್ದ ಎತ್ತರದ ಬೋಳು ಕಾಂಡ. ನೀರು ತುಂಬಿದ ಬಕೆಟ್ಟಿನಲ್ಲಿ ತಲೆ ತುಂಬ ಎಲೆಯಿದ್ದ ತುದಿ. ಸಮಸ್ಯೆ ಮುಗಿಯಿತು ಎಂದು ನಾನು ಕುರ್ಚಿಗೆ ಒರಗಿದೆ. ಒರಗಬಾರದಿತ್ತು.

“ಬುಡ ನಂದು,” ಎಂದ ಮೋಹನ್. “ಅಪ್ಪ ಕೊಟ್ಟಿದ್ದು ಬುಡ. ತುದಿ ಆಮೇಲೆ ನಿಮ್ಮನೇಲಿ ಬೆಳೆದಿದ್ದು. ಅದು ನೀನೇ ಇಟ್ಕಾ.”

“ಆ ಬುಡಕ್ಕೆ ಇಷ್ಟು ವರ್ಷ ನೀರು ಹುಯ್ದೋಳು ಯಾರೋ? ಅಪ್ಪನ ಬುಡ ಕೊಟ್ಟು ನಾನು ರೆಂಬೆ ಇಟ್ಕಳನಾ?”

ಒಂದು ಗಿಡಕ್ಕೆ ಆಗುತ್ತಿದ್ದ ಜಗಳವನ್ನು ನಾನು ಎರಡು ಗಿಡಕ್ಕೆ ವಿಸ್ತರಿಸಿದ್ದೆ. ಹೊರಗಿನಿಂದ ಭೀಮ ಇಣುಕಿ, “ಸಾ, ನಂಗೆ ಶಾಂತಿಗ್ರಾಮದಲ್ಲಿ ಇನ್ನೊಂದ್ ಬಾಡ್ಗೆ ಐತೆ,” ಎಂದ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

“ಬಾಯ್ ಮುಚ್ರಿ ಇಬ್ರೂ!” ಅತ್ತೆ ಸ್ಟೂಲಿಗೆ ಕೈ ಬಡಿದರು. “ಬುಡವಂತೆ ಬುಡ. ನಿಮ್ಮಪ್ಪ ಇವಳ ಮದ್ವೇಲಿ ಕೊಟ್ಟಿದ್ದೂ ತುದಿನೇಯ. ನಮ್ಮನೆ ಗಿಡದ ತುದಿಗೆ ಬೇರು ಬರ್ಸಿ, ಕಡ್ದು ಕೊಟ್ರು. ಬುಡ ಚನ್ರಾಯಪಟ್ಣದಲ್ಲೇ ಉಳ್ಕತ್ತು.”

ಇಬ್ಬರೂ ಬಾಯಿ ಬಿಟ್ಟರು. “ಮತ್ತೆ ಆ ಬುಡ ಎಲ್ಲವ್ವಾ?” ಎಂದು ಒಟ್ಟಿಗೆ ಕೇಳಿದರು.

“ಅಸ ಮೇಯ್ತು.”

“ಆಂ?”

“ಅಗ್ಗ ಕಿತ್ಕಂಡು ಬಂದು ಬುಡಮಟ್ಟ ಮೇಯ್ತು. ನಿಮ್ಮಪ್ಪ ಎಲ್ಡು ದಿನ ನನ್ ಜೊತೆ ಮಾತಾಡ್ನಿಲ್ಲ, ಅಸೀನ ಜೊತೆನೂ ಮಾತಾಡ್ನಿಲ್ಲ. ಆಮೇಲೆ ಅವ್ರೇ ನಕ್ಬುಟ್ರು. ‘ತುದಿ ಮಗಳ್ ಮನೇಲಿ ಚೆನ್ನಾಗೈತೆ ಕಣೇ, ಬುಡ ಓದ್ರೆ ಓಗ್ಲಿ’ ಅಂದ್ರು.”

ಅತ್ತೆಯ ದನಿ ಕೊನೆಗೆ ಸ್ವಲ್ಪ ಇಳಿಯಿತು. ಮೋಹನ್ ಕರವಸ್ತ್ರ ತೆಗೆದು ಮೂಗು ಒರೆಸಿಕೊಂಡ. “ಅಕ್ಕಾ, ಎಲ್ಡೂ ನೀನೇ ಇಟ್ಕಾ. ನಂಗೇನೂ ಬ್ಯಾಡ,” ಎಂದ.

“ಅದೆಂಗಾಯ್ತದೋ? ಹೊಸ ಮನೆ, ಬರಿಗೈಲಿ ಕಳಿಸ್ಲಾ? ಎಲ್ಡೂ ನೀನೇ ತಗಂಡೋಗು.”

“ಬ್ಯಾಡ ಅಂದ್ನಲ್ಲ. ಬುಡ ನೀನಿಟ್ಕಾ.”

“ನೀನೇ ತಗಂಡೋಗೋ, ಅಪ್ಪನ ಆಣೆಗೂ ತಗಾ!”

“ಅಪ್ಪನ ಆಣೆ ಯಾಕೆ ಹಾಕ್ತೀಯ? ನಂಗೂ ಅಪ್ಪ ಅಲ್ವಾ?”

ಈ ಜಗಳ ಹಿಂದಿನ ಜಗಳಕ್ಕಿಂತ ಜೋರಾಗಿತ್ತು. ಕಿತ್ತುಕೊಳ್ಳುವಾಗ ಕೂಗಿದ್ದಕ್ಕಿಂತ ಬಿಟ್ಟುಕೊಡುವಾಗ ಇಬ್ಬರೂ ಹೆಚ್ಚು ಕೂಗಿದರು. ನೀಲಾಂಬಿಕೆ ಅಕ್ಕನ ಪಕ್ಷ ಹಿಡಿದಳು, ಚಂದ್ರಯ್ಯ ತಮ್ಮನ ಪಕ್ಷ ಹಿಡಿದ. ಆಮೇಲೆ ಅವರಿಬ್ಬರಿಗೇ ಜಗಳ ಹತ್ತಿಕೊಂಡು ಬೇರೆ ಯಾವುದೋ ಹಳೆಯ ವಿಷಯಕ್ಕೆ ಹೋಯಿತು. ಅತ್ತೆ ಎಲೆ ಅಡಿಕೆ ಬಿಚ್ಚಿ ಕುಳಿತರು. ಭೀಮ ಎರಡು ಸಲ ಹಾರನ್ ಬಾರಿಸಿ, ಒಳಗೆ ಬಂದು, ನನ್ನನ್ನು ನೋಡಿದ. ನಾನು ಅವನನ್ನು ನೋಡಿದೆ. ಇಬ್ಬರಿಗೂ ಸುಸ್ತಾಗಿತ್ತು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ.

ಸ್ವಲ್ಪ ಹೊತ್ತಿನ ಮೇಲೆ ಜಗಳದ ಮಧ್ಯೆ ಆಶಾರಾಣಿ ಕುಂಡದತ್ತ ಕೈ ತೋರಿಸಿ, “ನೋಡು, ಈ ಬುಡಾನ...” ಎಂದವಳು ನಿಂತಳು. ಕೈ ತೋರಿಸಿದ ಜಾಗದಲ್ಲಿ ಕುಂಡ ಇರಲಿಲ್ಲ. ನೆಲದ ಮೇಲೆ ದುಂಡಗಿನ ಕಲೆ ಮಾತ್ರ ಇತ್ತು. ಮೋಹನ್ ಗೇಟಿಗೆ ಓಡಿದ. ಟೆಂಪೋ ಹೊರಟುಹೋಗಿತ್ತು. ಫೋನು ಮಾಡಿದರೆ ಭೀಮ, “ಸಾ, ಕುಂಡ ತಗಂಡೋಗ್ಬೇಕು ಅಂತ ತಾನೇ ಏಳಿದ್ದು? ಕುಂಡದಲ್ಲಿದ್ದಿದ್ನ ಟೆಂಪೋಗೆ ಹಾಕಿವ್ನಿ. ಬಕೀಟು ನಿಮ್ದು, ಅದ್ನ ನಾನ್ಯಾಕ್ ಮುಟ್ಲಿ? ಸೇತುವೆ ದಾಟಿವ್ನಿ,” ಎಂದ.

“ಅಕ್ಕಾ, ವಾಪಸ್ ಕರೆಸ್ತೀನಿ,” ಎಂದ ಮೋಹನ್, ಅಳುವ ಹಾಗಿದ್ದ.

ಆಶಾರಾಣಿ ಆ ದುಂಡು ಕಲೆಯನ್ನು ನೋಡುತ್ತ ನಿಂತಳು. “ಬ್ಯಾಡ ಬಿಡೋ. ಅಲ್ಲಿ ಮೇಲೆ ಜಾಗ ಐತಲ್ಲ, ನೆಟ್ಟಗೆ ಚಿಗುರ್ಲಿ,” ಎಂದಳು. ಆಮೇಲೆ ತಮ್ಮನ ತಲೆಯ ಮೇಲೊಂದು ಮೊಟಕಿ, ಕಾಫಿ ಕುಡಿಯದೆ ಹೋದರೆ ನೋಡು ಎಂದಳು.

ಅವನು ಕಾಫಿ ಕುಡಿದು ಹೋದ. ಅತ್ತೆ ಒಳಗೆ ಮಲಗಿದರು. ನೆರೆಯವರು ತಮ್ಮ ಗಂಟುಗಳನ್ನು ಬಿಚ್ಚಿಕೊಂಡು, ದೇವರು ಇನ್ನೆಲ್ಲಾದರೂ ಬೆವರುವನೇ ಎಂದು ಮಾತಾಡಿಕೊಳ್ಳುತ್ತ ಮನೆಗೆ ನಡೆದರು. ಹಾಲ್‌ನಲ್ಲಿ ನಾವಿಬ್ಬರೇ ಉಳಿದೆವು, ಬಕೆಟ್ಟಿನಲ್ಲಿ ತುದಿ. ಅವಳು ಅದರ ಪಕ್ಕ ನಿಂತು ಕೈಯಲ್ಲೇ ಎತ್ತರ ನೋಡಿದಳು. ಅದು ಅವಳ ಸೊಂಟದ ಮಟ್ಟಕ್ಕಿತ್ತು.

“ಅಪ್ಪ ಕೊಟ್ಟಾಗ ಇಷ್ಟೇ ಇತ್ತು ಕಣ್ರೀ,” ಎಂದಳು. “ಸರಿಯಾಗಿ ಇಷ್ಟೇ.”

ಮದುವೆಯ ದಿನ ನಾನು ಗಿಡವನ್ನು ನೋಡಿರಲಿಲ್ಲ, ಅವಳನ್ನೇ ನೋಡುತ್ತಿದ್ದೆ.

“ಇದು ಮತ್ತೆ ಸೂರು ಮುಟ್ಟೋ ಹೊತ್ತಿಗೆ ನಾವಿಬ್ರೂ ಇರಲ್ಲ ಅಲ್ವಾ?”

ಅಷ್ಟು ವರ್ಷದ ಸಂಸಾರ ಇನ್ನೊಮ್ಮೆ ಯಾರು ನಡೆಸುತ್ತಾರೆ ಎಂದು ಬಾಯಿಗೆ ಬಂತು. ಅವಳ ಮುಖ ನೋಡಿ ನುಂಗಿಕೊಂಡೆ. “ಇರ್ತೀವಿ ಬಿಡೇ,” ಎಂದೆ. “ನಾವಿಲ್ದಿದ್ರೆ ಆಗ ಇದಕ್ಕೆ ಗೂಟಿ ಕಟ್ಟೋರು ಯಾರು?”

“ಇರಿ, ನೂರು ವರ್ಷ ಇರಿ,” ಎಂದಳು. “ಆದ್ರೆ ಗೂಟಿ ಮಾತ್ರ ನೀವು ಕಟ್ಬ್ಯಾಡಿ.”

ಮೋಹನ್ ಟೇಪು ತಂದ ದಿನದಿಂದ ನಗದಿದ್ದವಳು ನಕ್ಕಳು. ನಾನು ಬಕೆಟ್ಟನ್ನು ಬೆಳಕು ಬೀಳುವ ಕಡೆಗೆ ಸರಿಸಿದೆ.